ಅಡುಗೆಮನೆ ಒಡೆದ ವರ್ಷ

ನಾಲ್ಕು ವರ್ಷಗಳ ಹಿಂದೆ, ವೈಶಾಖದ ಒಂದು ಭಾನುವಾರ ಬೆಳಿಗ್ಗೆ ಏಳೂಕಾಲಿಗೆ, ಬೆಂಗಳೂರಿನ ವಿಜಯನಗರದ ನಮ್ಮ ಬಡಾವಣೆಯ ಸಮುದಾಯ ಭವನದ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗಳನ್ನಿಡುವ ಕಾಂಕ್ರೀಟ್ ಅಟ್ಟ ಕುಸಿಯಿತು. ಕೆಳಗೆ ಕೂತು ಒಬ್ಬಟ್ಟು ತಟ್ಟುತ್ತಿದ್ದ ಹೆಂಗಸು ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರು. ಕಾವಲಿಯ ಮುಂದಿದ್ದ ಅವರ ಅಕ್ಕನ ಎಡಗೈ ಮುರಿಯಿತು. ಆ ದಿನದ ಮದುವೆಯ ಧಾರೆ ಎರಡು ಬೀದಿ ಆಚೆಯ ದೇವಸ್ಥಾನದಲ್ಲಿ ನಡೆಯಿತು. ಬಂದವರಿಗೆ ಪಕ್ಕದ ದರ್ಶಿನಿ ಹೋಟೆಲಿನಿಂದ ಇಡ್ಲಿ ತರಿಸಿದರು.

ಮರುದಿನದ ಪತ್ರಿಕೆಯಲ್ಲಿ ಇಷ್ಟೂ ಬಂತು, ಒಳಪುಟದಲ್ಲಿ, ಒಂದು ಕಾಲಮ್ಮಿನಲ್ಲಿ. ನಾನಾಗಲೇ ಪತ್ರಿಕೆಯ ಸುದ್ದಿ ತಿದ್ದುವ ಡೆಸ್ಕಿನಿಂದ ನಿವೃತ್ತನಾಗಿದ್ದೆ. ಶುರುಮಾಡಿದ ವಾಕ್ಯ ಮುಗಿಸಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಬಡಾವಣೆಯವರು ನನ್ನನ್ನು ಭವನದ ಟ್ರಸ್ಟಿನ ಕಾರ್ಯದರ್ಶಿ ಮಾಡಿದ್ದರು. ಸಭೆಯ ನಡಾವಳಿ ಬರೆಯುವುದು, ನೋಟಿಸು ಅಂಟಿಸುವುದು, ಭವನ ನೋಡಲು ಬಂದವರಿಗೆ ಖಾಲಿ ಇರುವ ತಾರೀಖು ಹೇಳುವುದು, ಇವಿಷ್ಟು ನನ್ನ ಕೆಲಸ.

ಭವನ ದೊಡ್ಡದಲ್ಲ. ಮುಂದೆ ಸಭಾಂಗಣ, ಅದರ ಕೆಳಗೆ ಊಟದ ಹಾಲು, ಹಿತ್ತಲಿನಲ್ಲಿ ಪ್ರತ್ಯೇಕವಾಗಿ ಅಡುಗೆಮನೆ. ಇಲ್ಲಿ ಮದುವೆಗೆ ಒಬ್ಬಟ್ಟು ಎಂದರೆ ಒಂದೇ ತಂಡ. ಅಗ್ರಹಾರ ದಾಸರಹಳ್ಳಿಯ ಏಳೆಂಟು ಹೆಂಗಸರು, ಅವರಿಗೆ ಯಜಮಾನಿ ಈಗ ಕೈ ಮುರಿದುಕೊಂಡ ಅಕ್ಕ. ಎಲ್ಲರಿಗೂ ಅವರು ದೊಡ್ಡಕ್ಕ. ನನಗಿಂತ ಚಿಕ್ಕವರಾದರೂ ನನಗೂ ದೊಡ್ಡಕ್ಕನೇ.

ತನಿಖೆ ಮುಗಿಯುವವರೆಗೆ ಅಡುಗೆಮನೆಯ ಬೀಗ ಪೊಲೀಸರದಾಗಿತ್ತು. ಆಮೇಲೆ ಅದು ನಮ್ಮದಾಯಿತು, ಏನು ಮಾಡುವುದೆಂಬ ಪ್ರಶ್ನೆಯೂ ನಮ್ಮದಾಯಿತು.

ನಮ್ಮ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಅವರ ನಿಲುವು ಮೊದಲ ಸಭೆಯಲ್ಲೇ ಸ್ಪಷ್ಟವಾಗಿತ್ತು.

"ಒಂದು ಇಟ್ಟಿಗೇನೂ ಅಲ್ಲಾಡಿಸಬಾರ್ದು. ಹೆಂಗಿದೆಯೋ ಹಂಗೇ ಸ್ಮಾರಕ. ಒಡೆದ್ರೆ ಆರು ತಿಂಗಳಲ್ಲಿ ಎಲ್ಲಾ ಮರ್ತು ಹೋಗ್ತೀವಿ."

ಖಜಾಂಚಿಗೆ ಮುಖ್ಯರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. "ಮೇಷ್ಟ್ರೇ, ಜನ ಮರೀದೇ ಇದ್ರೆ ಮದುವೆ ಬುಕ್ಕಾಗಲ್ಲ. ಬರೀ ಅಡುಗೆಮನೆ ಯಾಕೆ, ಪೂರ್ತಿ ಕೆಡವಿಬಿಡೋಣ. ಲಿಫ್ಟ್ ಹಾಕ್ಸಿ ಮೂರು ಫ್ಲೋರ್ ಎಬ್ಬಿಸೋಣ. ಸಿಮೆಂಟು ನಮ್ಮಂಗಡೀದು."

"ಅದೇ ಭಯ ನಂಗೆ" ಎಂದರು ಮೇಷ್ಟ್ರು.

ಡೆಸ್ಕಿನಲ್ಲಿದ್ದಾಗ ಇಂಥ ಕಟ್ಟಡಗಳ ಸುದ್ದಿ ಬೇಕಾದಷ್ಟು ತಿದ್ದಿದ್ದೇನೆ. ಕೆಲವನ್ನು ವಾರದೊಳಗೆ ನೆಲಸಮ ಮಾಡುತ್ತಾರೆ. ಕೆಲವಕ್ಕೆ ಬೀಗ ಬಿದ್ದು, ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಹುಟ್ಟಿಕೊಳ್ಳುತ್ತದೆ. ಕೆಡವಿ ಎನ್ನುವವರದ್ದೂ ಉಳಿಸಿ ಎನ್ನುವವರದ್ದೂ ಹೇಳಿಕೆ ಅಕ್ಕಪಕ್ಕ ಹಾಕಿ ಪುಟ ಮುಗಿಸುತ್ತಿದ್ದೆವು. ಅಲ್ಲಿ ಕೆಲಸ ಮಾಡುತ್ತಿದ್ದವರನ್ನು ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ. ನಮ್ಮ ಸಭೆಯಲ್ಲೂ ದೊಡ್ಡಕ್ಕನನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಡಾವಳಿ ಬರೆಯುತ್ತಿದ್ದ ನನಗೂ ಹೊಳೆಯಲಿಲ್ಲ.

ಕೊನೆಗೆ ರಾಜಿಯಾಯಿತು. ಅಡುಗೆಮನೆಗೆ ಬೀಗ ಹಾಗೇ ಇರಲಿ, ಸದ್ಯಕ್ಕೆ ಹಿತ್ತಲಿನಲ್ಲಿ ತಗಡಿನ ಶೆಡ್ಡು ಹಾಕಿ ಅಡುಗೆ ನಡೆಯಲಿ, ತೀರಿಕೊಂಡವರ ದೊಡ್ಡ ಫೋಟೋ ಒಂದನ್ನು ಭವನದ ಬಾಗಿಲಲ್ಲೇ ಹಾಕೋಣ. ಫೋಟೋಕ್ಕೆ ಗಂಧದ ಹಾರ ಬಂತು, ಸಣ್ಣ ಕೆಂಪು ಬಲ್ಬು ಬಂತು. ಕೆಳಗಿನ ಬರಹ ನನ್ನದು. ಯಾರು, ಯಾವಾಗ, ಎಲ್ಲಿ, ಏನು, ಎಲ್ಲವೂ ಎರಡು ಸಾಲಿನಲ್ಲಿ ಬರುವಂತೆ ಬರೆದೆ. 'ಇದೇ ಭವನದಲ್ಲಿ ಅಡುಗೆ ಮಾಡುತ್ತಿದ್ದಾಗ ಅಟ್ಟ ಕುಸಿದು ನಿಧನ' ಎಂಬುದು ಎರಡನೇ ಸಾಲು. ಮೇಷ್ಟ್ರು ಓದಿ, ಒಂದು ಅಕ್ಷರವೂ ಹೆಚ್ಚಿಲ್ಲ ಎಂದು ಮೆಚ್ಚಿದರು.

ಫೋಟೋ ಹಾಕಿದ ಮೇಲೆ ಮೊದಲು ಬಂದವರು ಶ್ರೀಗಂಧದ ಕಾವಲು ಬಡಾವಣೆಯ ಒಬ್ಬರು. ಮಗಳ ಮದುವೆಗೆ ಭವನ ನೋಡಬೇಕಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ಫೋಟೋ ನೋಡಿದರು, ಕೈಮುಗಿದರು. ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಹನ್ನೊಂದನೇ ದಿನಾನಾ ಸಾರ್ ಇವತ್ತು? ಗೊತ್ತಿರ್ಲಿಲ್ಲ. ಇನ್ನೊಂದಿನ ಬರ್ತೀನಿ."

ನಾನು ವಿವರಿಸಿದೆ. ವಿವರ ಕೇಳಿದ ಮೇಲೆ ಅವರು ಇನ್ನೊಂದು ದಿನವೂ ಬರಲಿಲ್ಲ.

ಎರಡನೆಯವರು ಎರಡನೇ ಸಾಲನ್ನು ಗಟ್ಟಿಯಾಗಿ ಓದಿ, ಹೆಂಡತಿಯ ಮುಖ ನೋಡಿ, ಬಂದ ಆಟೋದಲ್ಲೇ ವಾಪಸಾದರು. ಮೂರನೆಯವರು ಒಳಗೆಲ್ಲ ನಿಧಾನವಾಗಿ ಅಡ್ಡಾಡಿ ಬಹಳ ತೃಪ್ತಿಯಿಂದ ಹೊರಬಂದರು.

"ಶಾಂತವಾಗಿದೆ ಸಾರ್. ನಮ್ಮ ತಂದೆಯವರ ವೈಕುಂಠ ಸಮಾರಾಧನೆಗೆ ಇದೇ ಇರ್ಲಿ. ಫೋಟೋ ಸ್ಟ್ಯಾಂಡು, ಕೆಂಪು ಲೈಟು ನೀವೇ ಕೊಡ್ತೀರಾ, ನಾವು ತರ್ಬೇಕಾ?"

ಒಂದು ವರ್ಷದೊಳಗೆ ನಮ್ಮ ಭವನ ತಿಥಿ ಹಾಲ್ ಎಂದು ಹೆಸರಾಯಿತು. ಆಟೋದವರೂ ಹಾಗೇ ಕರೆಯತೊಡಗಿದರು. ಭವನ ಖಾಲಿಯೇನೂ ಇರಲಿಲ್ಲ. ಖಾಲಿಯಿದ್ದದ್ದು ದೊಡ್ಡಕ್ಕನ ತಂಡದ ಕೈ. ಅವರದ್ದೊಂದು ಪದ್ಧತಿ: ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಒಬ್ಬಟ್ಟು ತಟ್ಟುವ ಕೈ ತಿಥಿ ಅಡುಗೆಗೆ ಹೋಗುವುದಿಲ್ಲ. ಅವರು ಒಪ್ಪಿದರೂ ಮದುವೆ ಮನೆಯವರು ವಿಚಾರಿಸುತ್ತಾರೆ, ಒಮ್ಮೆ ಹೋದರೆ ಮುಂದಿನ ಮದುವೆಗೆ ಕರೆಯುವುದಿಲ್ಲ. ತಿಥಿಗಳಿಗೆ ಬೇರೆ ಅಡುಗೆಯವರು ಬಂದು ತಗಡಿನ ಶೆಡ್ಡಿನಲ್ಲಿ ವಡೆ ಕರಿದು ಹೋಗುತ್ತಿದ್ದರು.

ದೊಡ್ಡಕ್ಕ ಭವನಕ್ಕೆ ಮತ್ತೆ ಕಾಲಿಟ್ಟಿದ್ದು ಹೋದ ವರ್ಷದ ದಸರಾ ಮುಗಿದ ವಾರ. ಜೊತೆಯಲ್ಲಿ ತೀರಿಕೊಂಡ ತಂಗಿಯ ಮಗಳಿದ್ದಳು. ಬಸವೇಶ್ವರನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ತಂದೆ ಅವಳ ಚಿಕ್ಕಂದಿನಲ್ಲೇ ಹೋಗಿದ್ದರಿಂದ ಈಗ ದೊಡ್ಡಮ್ಮನ ಮನೆಯೇ ಅವಳ ಮನೆ. ಇಬ್ಬರೂ ಫೋಟೋದ ಮುಂದೆ ನಿಂತರು. ನಾನು ಎದ್ದು ಹೋದೆ.

"ಇಲ್ಲಿ ಹಾಕಿದ್ದು ಯಾರು ಸಾರ್?" ಎಂದರು ದೊಡ್ಡಕ್ಕ.

"ಟ್ರಸ್ಟಿನವರು."

"ಕೆಳಗೆ ಬರ್ದಿದ್ದು?"

"ನಾನು."

"ಚೆನ್ನಾಗಿ ಬರ್ದಿದೀರಾ. ಓದಿದೋರೆಲ್ಲ ಓಡ್ಹೋಗೋ ಹಂಗೆ."

ಹುಡುಗಿ ನಗು ತಡೆಯಲು ಮುಖ ತಿರುಗಿಸಿದಳು. ದೊಡ್ಡಕ್ಕ ನೇರವಾಗಿ ವಿಷಯಕ್ಕೆ ಬಂದರು. ಹುಡುಗಿಗೆ ಮದುವೆ ಗೊತ್ತಾಗಿದೆ, ಗಂಡಿನ ಕಡೆಯವರು ಕೆಂಗೇರಿಯವರು, ಮುಹೂರ್ತ ಮಾಘದಲ್ಲಿ. ಭವನ ಬೇಕು.

"ಇದೇ ಭವನಾನಾ?" ಎಂದೆ.

"ಇನ್ಯಾವ್ದು ಸಾರ್? ನಮ್ಮ ಹುಡ್ಗೀರು ಏಳು ಜನ." ಆ ಹುಡುಗಿಯರಲ್ಲಿ ನಲವತ್ತಕ್ಕಿಂತ ಕಡಿಮೆ ವಯಸ್ಸಿನವರು ಯಾರೂ ಇಲ್ಲ. "ಬೇರೆ ಹಾಲ್‌ಗಳಲ್ಲೆಲ್ಲ ಕಾಂಟ್ರಾಕ್ಟ್‌ನೋರು, ಅವರವರ ಜನಾನೇ ಕರ್ಕೊಂಡ್ಬರ್ತಾರೆ. ಇದೊಂದೇ ನಮ್ದು. ಇದೂ ತಿಥಿ ಹಾಲ್ ಆಗೋದ್ರೆ ನಾವು ಎಲ್ಲಿ ಹೋಗಿ ತಟ್ಟೋದು? ಅವಳ ಮಗಳೇ ಇಲ್ಲಿ ಧಾರೆ ಎರೆಸ್ಕೊಂಡ್ರೆ ಆಮೇಲೆ ಯಾವನು ಏನಂತಾನೆ ನೋಡೋಣ."

"ನಿನಗೆ ಒಪ್ಪಿಗೆನಾಮ್ಮಾ?" ಎಂದು ಹುಡುಗಿಯನ್ನು ಕೇಳಿದೆ.

"ಪುಸ್ತಕ ಹಿಡ್ಕೊಂಡು ನಮ್ಮಮ್ಮನ ಜೊತೆ ಬಂದು, ಇದೇ ಅಡುಗೆಮನೆ ಕಟ್ಟೆ ಮೇಲೆ ಎಸ್ಸೆಸ್ಸೆಲ್ಸಿ ಓದಿದೀನಿ ಅಂಕಲ್. ನಂಗೆ ಇಲ್ಲಿ ಹೆದರಿಕೆ ಇಲ್ಲ. ಆದ್ರೆ ಒಂದು ಕೇಳ್ಳಾ? ಅಟ್ಟ ಕುಸಿದು ಅಂತ ಬರ್ದಿದೀರಾ. ಯಾಕೆ ಕುಸೀತು ಅಂತ ಬರ್ದಿಲ್ಲ."

ಖಚಿತವಿಲ್ಲದ್ದನ್ನು ಬರೆಯಬಾರದೆಂದು ಬಿಟ್ಟಿದ್ದೆ ಎಂದು ಹೇಳಿದೆ. ಆಗ ಅದು ನನಗೆ ಸರಿಯಾದ ಉತ್ತರದಂತೆಯೇ ಕಂಡಿತ್ತು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಅಡುಗೆಮನೆ ತೆಗೆಯಿರಿ, ನೋಡಬೇಕು ಎಂದರು ದೊಡ್ಡಕ್ಕ. ಮೇಷ್ಟ್ರು ಬೀಗ ತೆಗೆದು ತಾವು ಹೊರಗೇ ನಿಂತರು. ಒಳಗೆ ಅಟ್ಟದ ತುಂಡುಗಳು ಒಂದು ಮೂಲೆಯಲ್ಲಿ ರಾಶಿಯಾಗಿದ್ದವು. ಗೋಡೆಯ ಕ್ಯಾಲೆಂಡರು ಅಪಘಾತದ ತಿಂಗಳಲ್ಲೇ ನಿಂತಿತ್ತು. ಹೊಗೆ ಹೋಗುವ ಕಿಂಡಿಯಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಹೂರಣದ ಪಾತ್ರೆಯ ತಳದಲ್ಲಿ ಕಪ್ಪಗೆ ಏನೋ ಒಣಗಿತ್ತು, ಅದರ ಸುತ್ತ ಇಲಿ ಹಿಕ್ಕೆ. ದೊಡ್ಡಕ್ಕ ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದುಕೊಂಡಿದ್ದರು.

"ಪೊರಕೆ ಕೊಡಿ" ಎಂದರು ಆಮೇಲೆ.

"ಇಲ್ಲಮ್ಮ, ಇದನ್ನ ಹಂಗೇ ಇಡಬೇಕೂಂತ..." ಮೇಷ್ಟ್ರು ಬಾಗಿಲಿನಿಂದಲೇ ಶುರುಮಾಡಿದರು.

"ಹೆಂಗೆ? ಹಿಂಗಾ? ಮೇಷ್ಟ್ರೇ, ನನ್ ತಂಗಿ ಒಂದು ಕಾಳು ಬೇಳೆ ಕೆಳಗೆ ಬಿದ್ರೂ ಬಗ್ಗಿ ಎತ್ತೋಳು. ಇಲಿ ಹಿಕ್ಕೆ ಮಧ್ಯ ಅವಳ ನೆನಪು ಇಟ್ಟಿದೀರಲ್ಲ, ಅವಳಿದ್ದಿದ್ರೆ ನಿಮ್ಗೆ ಪೊರಕೇಲೇ ಬಿಡೋಳು!"

ಮೇಷ್ಟ್ರನ್ನು ಯಾರಾದರೂ ಬೈದು ಬಹಳ ವರ್ಷಗಳಾಗಿದ್ದಿರಬೇಕು. ಅವರು ಹಿತ್ತಲಿಗೆ ಹೋಗಿ ಎರಡು ಪೊರಕೆ ತಂದರು. ಒಂದನ್ನು ದೊಡ್ಡಕ್ಕನಿಗೆ ಕೊಟ್ಟು ಇನ್ನೊಂದನ್ನು ತಾವೇ ಹಿಡಿದು ಒಳಗೆ ಬಂದರು. ಗುಡಿಸಲು ಅವರಿಗೆ ಬರುತ್ತಿರಲಿಲ್ಲ. "ಧೂಳು ನನ್ ಮೇಲೆ ಹಾಕ್ತಿದೀರಾ, ಆಕಡೆ ತಿರುಗ್ಸಿ" ಎಂದು ಅದಕ್ಕೂ ಬೈಸಿಕೊಂಡರು.

ಗುಡಿಸುತ್ತಾ ದೊಡ್ಡಕ್ಕ ಛಾವಣಿಯ ಒಂದು ಮೂಲೆ ತೋರಿಸಿದರು. ಮೇಲಿನ ನೀರಿನ ಟ್ಯಾಂಕಿಗೆ ಸರಿಯಾಗಿ ಕೆಳಗೆ ಹಸಿರು ಕಲೆ. "ಇಲ್ಲಿಂದ ತೊಟ್ಟಿಕ್ತಿತ್ತು ಸಾರ್. ಅಟ್ಟದೊಳಗೆ ಇಳೀತಿತ್ತು. 'ಎರಡು ಸಲ ಹೇಳ್ಬಂದೆ, ಆಫೀಸಲ್ಲಿ ಬರ್ಕೊಂಡ್ರು' ಅಂದಿದ್ಲು ನನ್ ತಂಗಿ."

ಆಫೀಸಿನಲ್ಲಿ ಬರೆದುಕೊಳ್ಳುವವನು ನಾನೊಬ್ಬನೇ. ಬೀರುವಿನಿಂದ ಹಳೆಯ ನಡಾವಳಿ ಪುಸ್ತಕ ತೆಗೆದೆ. ಅಪಘಾತಕ್ಕೆ ಮೂರು ತಿಂಗಳ ಹಿಂದಿನ ಸಭೆ. ಕೈಬರಹ ನನ್ನದೇ. 'ವಿಷಯ ಆರು: ಅಡುಗೆಮನೆ ಸೋರಿಕೆ. ಮುಂದಿನ ಸಭೆಯಲ್ಲಿ ಚರ್ಚಿಸಲು ತೀರ್ಮಾನಿಸಲಾಯಿತು.' ಮುಂದಿನ ಸಭೆಯ ಪುಟ ತಿರುಗಿಸಿದೆ. ಆ ಸಭೆ ಪೂರ್ತಿ ವೇದಿಕೆಯ ಪರದೆ ಯಾವ ಬಣ್ಣದ್ದಿರಬೇಕು ಎಂಬುದರಲ್ಲಿ ಕಳೆದಿತ್ತು. ಸೋರಿಕೆಯ ಉಲ್ಲೇಖ ಎಲ್ಲೂ ಇಲ್ಲ. ಪೊಲೀಸರು ಈ ಪುಸ್ತಕ ಕೇಳಿರಲಿಲ್ಲ. ನಾನೂ ತೆಗೆದು ನೋಡಿರಲಿಲ್ಲ.

ಮುಂದಿನ ಭಾನುವಾರ ಸಭೆ ಕರೆದು ಎರಡೂ ಪುಟ ಗಟ್ಟಿಯಾಗಿ ಓದಿದೆ. ದೊಡ್ಡಕ್ಕ, ಹುಡುಗಿ ಇಬ್ಬರನ್ನೂ ಕರೆದಿದ್ದೆವು.

"ಪರದೆ ಮರೂನ್ ಇರ್ಲಿ ಅಂತ ಜಗಳ ಆಡಿದ್ದು ನಾನೇ" ಎಂದರು ಖಜಾಂಚಿ. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

"ಬರ್ಕೊಂಡು ಮುಂದಕ್ಕೆ ಹಾಕಿದ್ದು ನಾನು" ಎಂದೆ. ಆ ಎರಡು ಪುಟಗಳ ನಕಲನ್ನು ಮರುದಿನ ಪೊಲೀಸ್ ಸ್ಟೇಷನ್ನಿಗೆ ಕೊಟ್ಟು ಬಂದೆ. ಸ್ವೀಕೃತಿ ಪತ್ರ ಕಡತದಲ್ಲಿದೆ.

ದೊಡ್ಡಕ್ಕ ಅಳಲಿಲ್ಲ, ಬೈಯಲೂ ಇಲ್ಲ. "ಹಂಗಾದ್ರೆ ಅಡುಗೆಮನೆ ಒಡೀರಿ. ಹೊಸದು ಕಟ್ಟಿ. ಟ್ಯಾಂಕ್ ಕೆಳಗೆ ಇಳಿಸಿ. ಮಾಘಕ್ಕೆ ನಾಲ್ಕು ತಿಂಗಳಿದೆ" ಎಂದರು. ಮೇಷ್ಟ್ರು ಮೊದಲು ಕೈ ಎತ್ತಿದರು.

ಗಂಡಿನ ತಾಯಿಯ ಒಪ್ಪಿಗೆ ಮಾತ್ರ ಬಾಕಿಯಿತ್ತು. ಅವರು ಒಲ್ಲೆನೆಂದರೆ ಮದುವೆ ಕೆಂಗೇರಿಯ ಯಾವುದೋ ಹಾಲಿನಲ್ಲಿ ನಡೆಯುತ್ತಿತ್ತು, ನಮ್ಮದು ತಿಥಿ ಹಾಲಾಗಿಯೇ ಉಳಿಯುತ್ತಿತ್ತು. ಮುಂದಿನ ವಾರ ಅವರು ಒಬ್ಬರೇ ಬಸ್ಸಿನಲ್ಲಿ ಬಂದರು. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೊಲಿದ ಬಟ್ಟೆ ಪರೀಕ್ಷಿಸುವ ಚೆಕಿಂಗ್ ಕೆಲಸ ಅವರದು, ಇಪ್ಪತ್ತು ವರ್ಷದ್ದು. ಬಂದವರೇ ಫೋಟೋದ ಮುಂದೆ ನಿಂತು ಎರಡೂ ಸಾಲು ಓದಿದರು. ದೊಡ್ಡಕ್ಕ ಮಾತು ಸಿದ್ಧಮಾಡಿಕೊಂಡೇ ನಿಂತಿದ್ದರು.

"ಬೀಗ್ರೇ, ಸತ್ತ ಜಾಗ ಅಂತ ಅನ್ಬೇಡಿ. ನಿಮ್ ಮಗ ಹುಟ್ಟಿದ ಆಸ್ಪತ್ರೇಲಿ ಯಾರೂ ಸತ್ತಿರ್ಲಿಲ್ವಾ?"

"ಅಯ್ಯೋ, ನಾನು ದೆವ್ವಕ್ಕೆ ಹೆದರೋಳಲ್ಲ ಬೀಗ್ರೇ. ಸೀಲಿಂಗ್‌ಗೆ ಹೆದರ್ತೀನಿ. ಒಂದು ಕೋಲಿದ್ರೆ ಕೊಡಿ."

ನೆಲ ಒರೆಸುವ ಕೋಲು ಕೊಟ್ಟೆವು. ಅವರು ಬಾಗಿಲ ಪಕ್ಕದ ಗೋಡೆಯಿಂದ ಶುರುಮಾಡಿ ಇಡೀ ಸಭಾಂಗಣ ತಟ್ಟುತ್ತಾ ಹೋದರು. ಕಂಬಕ್ಕೆ ಮೂರು ಕಡೆ, ತೊಲೆಗೆ ಕುರ್ಚಿ ಹತ್ತಿ. ತಟ್ಟಿ, ಕಿವಿಗೊಟ್ಟು, ಮುಂದೆ. ಸದ್ದು ಪೊಳ್ಳಾಗಿ ಬಂದ ಕಡೆ ಸೀಮೆಸುಣ್ಣದಲ್ಲಿ ಒಂದು ಗುಣಾಕಾರ ಚಿಹ್ನೆ. ಖಜಾಂಚಿ ಹಿಂದೆಯೇ ನಡೆದು ಬರೆದುಕೊಳ್ಳುತ್ತಿದ್ದರು.

"ಇದು ಬರೀ ಗಾರೆ ಬಿಟ್ಟಿರೋದು ಮೇಡಂ, ಏನಾಗಲ್ಲ" ಎಂದರು ಒಂದು ಕಡೆ.

"ನಮ್ಮ ಫ್ಯಾಕ್ಟರೀಲಿ ಒಂದು ಗುಂಡಿ ಸಡಿಲ ಇದ್ರೆ ಇಡೀ ಬಂಡಲ್ ವಾಪಸ್ಸು. ನೀವು ಜನರನ್ನ ಕೂರಿಸ್ತೀರಾ ಇದ್ರ ಕೆಳಗೆ. ಬರ್ಕೊಳ್ಳಿ."

ಖಜಾಂಚಿ ಬರೆದುಕೊಂಡರು. ಮುಗಿದಾಗ ಸಭಾಂಗಣದ ಗೋಡೆ ಗಣಿತದ ಮೇಷ್ಟ್ರು ತಿದ್ದಿದ ಉತ್ತರಪತ್ರಿಕೆಯಂತಿತ್ತು.

"ಪೂರ್ತಿ ಕೆಡವಿಬಿಡಬೇಕು ಅಂತೀರಾ?" ಖಜಾಂಚಿ ಇನ್ನೂ ಆಸೆ ಬಿಟ್ಟಿರಲಿಲ್ಲ.

"ಯಾಕ್ರೀ ಕೆಡವ್ತೀರಾ? ಕಂಬ, ತೊಲೆ ಎಲ್ಲಾ ಗಟ್ಟಿ ಸದ್ದು ಕೊಡ್ತಿದೆ. ಆದ್ರೂ ಇಂಜಿನಿಯರ್ ನೋಡಿ ಸೈನ್ ಹಾಕ್ಬೇಕು, ಆ ಲೆಟರ್ ನಾನು ಓದ್ಬೇಕು. ಗುರುತು ಹಾಕಿರೋದೆಲ್ಲ ರಿಪೇರಿ ಆಗ್ಬೇಕು. ಆ ಹಿಂದಿನ ಅಡುಗೆಮನೆ ಮಾತ್ರ ನಿಲ್ಲಬಾರ್ದು." ಆಮೇಲೆ ದೊಡ್ಡಕ್ಕನ ಕಡೆ ತಿರುಗಿದರು. "ಇನ್ನೊಂದ್ ಮಾತು. ಫೋಟೋ ಮನೇಲಿಟ್ಕೊಳ್ಳಿ. ಬೀಗ್ತೀನ ನಾನು ಮನೇಲಿ ನೋಡ್ತೀನಿ, ಗೇಟಲ್ಲಿ ಕಾವಲು ನಿಲ್ಲಿಸಬೇಡಿ."

ಆ ಸಂಜೆ ಹುಡುಗಿ ಫೋಟೋ ಬಿಚ್ಚಿಸಿ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಹೋದಳು.

ಇಂಜಿನಿಯರು ಬಂದು ನೋಡಿ, ಸಭಾಂಗಣಕ್ಕೆ ದುರಸ್ತಿ ಸಾಕು, ಅಡುಗೆಮನೆ ತೆಗೆಯಲೇಬೇಕು ಎಂದು ಬರೆದುಕೊಟ್ಟರು. ಪತ್ರ ಕೆಂಗೇರಿಗೆ ಹೋಗಿ, ಓದಿಸಿಕೊಂಡು ಬಂತು. ದೀಪಾವಳಿ ಮುಗಿದ ಸೋಮವಾರ ಒಡೆಯುವ ಕೆಲಸ ಶುರುವಾಯಿತು. ಹಿತ್ತಲಿನ ಓಣಿಗೆ ಜೆಸಿಬಿ ಬರುವುದಿಲ್ಲ. ಎಲ್ಲ ಸುತ್ತಿಗೆಯ ಕೆಲಸ. ತಂಡದ ಏಳೂ ಜನ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬಂದಿದ್ದರು. ಮೊದಲ ಏಟು ತಾನೇ ಹೊಡೆಯುತ್ತೇನೆಂದು ದೊಡ್ಡಕ್ಕ ಸುತ್ತಿಗೆ ಕೇಳಿದರು. ಅವರ ಎಡಗೈ ಈಗಲೂ ಭುಜಕ್ಕಿಂತ ಮೇಲೆ ಏಳುವುದಿಲ್ಲ.

"ಅಜ್ಜೀ, ಭಾರ ಇದೆ, ಕಾಲ್ಮೇಲೆ ಹಾಕ್ಕೋತೀರಾ" ಎಂದ ಕೂಲಿಯವರಲ್ಲೊಬ್ಬ.

"ಅಜ್ಜಿ ಅಂದ್ರೆ ನಿನ್ ಕಾಲ್ಮೇಲೇ ಬೀಳೋದು."

ಒಂದೇ ಕೈಯಲ್ಲಿ ಎತ್ತಿ ಹೊಡೆದರು. ಗೋಡೆಯಿಂದ ಅಂಗೈಯಗಲದ ಗಾರೆ ಉದುರಿತು, ಅಷ್ಟೇ. ಹೆಂಗಸರು ಶಿಳ್ಳೆ ಹಾಕಿದರು. ಉಳಿದದ್ದನ್ನು ಕೂಲಿಯವರು ನಾಲ್ಕು ದಿನದಲ್ಲಿ ಮುಗಿಸಿದರು. ಮೇಷ್ಟ್ರು ನಾಲ್ಕೂ ದಿನ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೊನೆಯ ಗೋಡೆ ಬಿದ್ದಾಗ ಎದ್ದು ನಿಂತರು.

ಹೊಸ ಅಡುಗೆಮನೆಯಲ್ಲಿ ಅಟ್ಟವಿಲ್ಲ. ಪಾತ್ರೆಗಳೆಲ್ಲ ನೆಲದ ಮೇಲಿನ ಕಬ್ಬಿಣದ ಸ್ಟ್ಯಾಂಡಿನಲ್ಲಿವೆ. ಒಲೆಯ ಎದುರಿನ ಗೋಡೆಯಲ್ಲಿ, ಅಡುಗೆ ಮಾಡುವವರಿಗೆ ಮಾತ್ರ ಕಾಣುವಂತೆ, ಒಂದು ಕಲ್ಲಿನ ಫಲಕವಿದೆ. ಅದನ್ನು ನಾನು ಐದು ಸಲ ತಿದ್ದಿ ಬರೆದೆ, ಹುಡುಗಿ ಆರನೇ ಸಲ ತಿದ್ದಿದಳು. ತೀರಿಕೊಂಡವರ ಹೆಸರಾದ ಮೇಲೆ ಹೀಗಿದೆ: 'ಇಲ್ಲಿ ನೀರು ಸೋರುತ್ತಿದೆ ಎಂದು ಇವರು ಎರಡು ಸಲ ಹೇಳಿದ್ದರು. ಟ್ರಸ್ಟು ಕೇಳಲಿಲ್ಲ. ಅಟ್ಟ ಇವರ ಮೇಲೆ ಬಿತ್ತು. ಸೋರಿಕೆ ಕಂಡರೆ ಒಲೆ ಆರಿಸಿ, ಹೊರಗೆ ಬನ್ನಿ.' ಟ್ರಸ್ಟಿನ ಹೆಸರು ಕಲ್ಲಿನಲ್ಲಿ ಬೇಕೇ ಎಂದು ಇಬ್ಬರು ಸದಸ್ಯರು ಕೇಳಿದರು. ಬೇಕು ಎಂದರು ಖಜಾಂಚಿ. ಕಲ್ಲು ಅವರ ಅಂಗಡಿಯದು.

ಮಾಘದಲ್ಲಿ, ಹೊಸ ಒಲೆಯ ಮೇಲೆ ಹಾಲುಕ್ಕಿಸಿದ ಐದನೇ ದಿನ ಮದುವೆ. ಧಾರೆಗೆ ದೊಡ್ಡಕ್ಕ, ಅವರ ಯಜಮಾನರು ಕೂರಬೇಕಿತ್ತು. ಮುಹೂರ್ತಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಯಜಮಾನರೊಬ್ಬರೇ ಮಂಟಪದಲ್ಲಿದ್ದರು.

"ಹೆಣ್ಣಿನ ಕಡೆ ತಾಯಿಯವರು ಎಲ್ಲಿದ್ದರೂ ಮಂಟಪಕ್ಕೆ ಬರಬೇಕು" ಎಂದು ಪುರೋಹಿತರು ಮೈಕಿನಲ್ಲಿ ಎರಡು ಸಲ ಕೂಗಿದರು. ಮೂರನೇ ಸಲ ಮದುಮಗಳೇ ಮೈಕಿಗೆ ಬಗ್ಗಿ, "ದೊಡ್ಡಮ್ಮಾ, ಸಾಕು ಬಾ" ಎಂದಳು. ಸಭಾಂಗಣವೆಲ್ಲ ನಕ್ಕಿತು. ನಾನು ಹಿತ್ತಲಿಗೆ ಓಡಿದೆ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ದೊಡ್ಡಕ್ಕ ಕಾವಲಿಯ ಮುಂದೆ ಕೂತಿದ್ದರು.

"ಇವಳು ಕಣಕ ತೆಳ್ಳಗೆ ಮಾಡ್ಬಿಟ್ಟಿದಾಳೆ ಸಾರ್, ಎಲ್ಲಾ ಹರ್ದೋಗ್ತಿದೆ. ಇನ್ನೆರಡೇ, ಬಂದೆ."

"ನನ್ ಕಣಕಕ್ಕೇನಾಗಿದೆ? ಎದ್ದೋಗಿ ಧಾರೆ ಎರೀರಿ ಮೊದ್ಲು" ಎಂದರು ಪಕ್ಕದ ಹೆಂಗಸು.

ದೊಡ್ಡಕ್ಕ ಎಣ್ಣೆಗೈಯಲ್ಲೇ ಎದ್ದು ಬಂದರು. ಕೈ ಒರೆಸಿಕೊಳ್ಳಲು ಗಂಡಿನ ತಾಯಿ ತಮ್ಮ ಕರ್ಚೀಫು ಕೊಟ್ಟರು. ಧಾರೆ ಸರಿಯಾದ ಸಮಯಕ್ಕೆ ಆಯಿತು. ಊಟಕ್ಕೆ ನಾಲ್ಕು ಪಂಕ್ತಿ ಆದವು.

ಅಟ್ಟ ಕುಸಿದ ಕೇಸು ಇನ್ನೂ ನ್ಯಾಯಾಲಯದಲ್ಲಿದೆ. ಭವನಕ್ಕೆ ಈ ಜ್ಯೇಷ್ಠದಲ್ಲಿ ಮೂರು ಮದುವೆ, ಒಂದು ನಾಮಕರಣ ಬುಕ್ಕಾಗಿವೆ. ನಾಲ್ಕಕ್ಕೂ ಒಬ್ಬಟ್ಟು ದೊಡ್ಡಕ್ಕನ ತಂಡದ್ದು.